ತಂಗಿ ಎಂಬಲ್ಲಿ ಗೆಳತಿ

ಮಲ್ಲೇಶ್ವರಿಗೆ ಬೀದರ ಹತ್ತಿರದ ಕೊಳಾರದ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸ. ಮಾತ್ರೆಯ ಪಟ್ಟಿಗಳು ಡಬ್ಬಿಯಲ್ಲಿ ಸರಿಯಾಗಿ ಕೂತಿವೆಯೇ ಎಂದು ನೋಡಿ ಮುಂದಕ್ಕೆ ತಳ್ಳಬೇಕು. ಯಂತ್ರದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ತಂಗಿ ಮೇಘಾ ತೀರಿಕೊಂಡ ಮೇಲೆ ಅವಳಿಗೆ ಈ ಸದ್ದೇ ಹಿತವಾಗಿತ್ತು. ಬೀದರಿನ ಚಿದ್ರಿ ರಸ್ತೆಯ ಬಾಡಿಗೆ ಕೋಣೆಗೆ ಹೋದರೆ ಅಲ್ಲಿ ಸದ್ದೇ ಇರುತ್ತಿರಲಿಲ್ಲ.

ಮೇಘಾ ಭಾಲ್ಕಿಯಲ್ಲಿ ಡಿಗ್ರಿ ಓದುತ್ತಿದ್ದಳು. ತಮ್ಮ ಊರು ಮೆಹಕರದಿಂದ ದಿನವೂ ಬಸ್ಸಿಗೆ ಹೋಗಿ ಬರುವ ಹುಡುಗಿ. ಒಂದು ಮಳೆಗಾಲ ಜ್ವರ ಬಂತು, ಇಳಿಯಲಿಲ್ಲ. ಅಷ್ಟೇ. ಆಮೇಲೆ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಲಿಲ್ಲ. ಅಪ್ಪ ಬಕ್ಕಪ್ಪ ಕುರಿ ಹೊಡೆದುಕೊಂಡು ಹೋದರೆ ಹೊತ್ತು ಮುಳುಗಿದ ಮೇಲೆಯೇ ಬರುತ್ತಿದ್ದ. ತಾಯಿ ಸತ್ಯಮ್ಮ ಮಗಳ ಫೋಟೋಕ್ಕೆ ಹಾರ ಹಾಕಲು ಬಿಡಲಿಲ್ಲ. "ಹಾರ ಹಾಕಿದ್ರ ಖರೇ ಆಗ್ತದ," ಎಂದಳು. ಅಣ್ಣ ಕಾಶೀನಾಥ ಹೊಲ, ಹೆಂಡತಿ, ಮಕ್ಕಳಲ್ಲಿ ಮುಳುಗಿಹೋದ.

ಮಲ್ಲೇಶ್ವರಿ ಬರೆಯತೊಡಗಿದ್ದು ಆಗಲೇ. ಕಾರ್ಖಾನೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಒಂದೆರಡು ಸಾಲು ಬರೆದು ಫೇಸ್‌ಬುಕ್ಕಿಗೆ ಹಾಕುವಳು. ತನ್ನ ಫೋಟೋದ ಜಾಗದಲ್ಲಿ ಕುಸುಬೆ ಹೂವಿನ ಚಿತ್ರ. ಓದುವವರು ಬೆರಳೆಣಿಕೆಯಷ್ಟು, ಮನೆಯವರಲ್ಲಿ ಯಾರಿಗೂ ಗೊತ್ತಿಲ್ಲ. ಅವುಗಳಲ್ಲೊಂದು ಹೀಗಿತ್ತು:

ಮೇಘಾ, ತಂಗಿ, ಚಪ್ಪಲಿ ಇಲ್ಲೇ ಬಿಟ್ಟು ಹೋದೆ,
ನೀ ಹೋದ ದಾರಿಯಲ್ಲಿ ನೆಲ ಸುಡುವುದಿಲ್ಲವೇ?
ಒಂಟಿ ಕಿವಿಯ ಮರಿ ಹಾಲು ಒಲ್ಲೆನ್ನುತ್ತಿದೆ,
ನಿನ್ನ ದನಿ ತರಲು ಯಾವ ಸಂತೆಗೆ ಹೋಗಲಿ?

ನಾಯಿ ಕಚ್ಚಿ ಒಂದು ಕಿವಿ ಕಳೆದುಕೊಂಡ ಕುರಿಮರಿಯನ್ನು ಮೇಘಾ ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಅವಳ ಕೈಯಿಂದಲ್ಲದೆ ಅದು ಕುಡಿಯುತ್ತಿರಲಿಲ್ಲ.

ಒಂದು ದಿನ ಬಸ್ಸಿನಲ್ಲಿ ಪಕ್ಕ ಕೂತಿದ್ದ ಆಬೇದಾ ಫೋನು ನೋಡುತ್ತ ಕಣ್ಣೊರೆಸಿಕೊಂಡಳು. ಒಂದೇ ವಿಭಾಗದಲ್ಲಿ ಕೆಲಸ ಮಾಡುವ ಗೆಳತಿ. "ಕೇಳಿಲ್ಲಿ, ಯಾರಿಗೋ ಭಾಳ ನೋವಾಗ್ಯಾದ," ಎಂದು ಫೋನು ಮುಂದೆ ಹಿಡಿದಳು. ಹಿಂದೆ ಕೊಳಲು, ಮುಂದೆ ಗಂಡಸಿನ ನಿಧಾನದ ದನಿ. ಮಲ್ಲೇಶ್ವರಿಯ ಸಾಲುಗಳು. 'ತಂಗಿ' ಎಂಬಲ್ಲಿ 'ಗೆಳತಿ' ಎಂದಿತ್ತು. ಕೆಳಗೆ ಬರೆದಿತ್ತು: ರಚನೆ, ವಾಚನ ಅಶೋಕಕುಮಾರ, ಭಾಲ್ಕಿ. ಸಾವಿರಾರು ಜನ ಅವನಿಗೆ ಸಮಾಧಾನ ಹೇಳಿದ್ದರು. ಧೈರ್ಯ ತಗೊಳ್ಳಿ ಸರ್, ಅವರು ಎಲ್ಲಿದ್ದರೂ ನಿಮ್ಮನ್ನೇ ನೋಡುತ್ತಿರುತ್ತಾರೆ ಎಂದು ಒಬ್ಬಾಕೆ ಬರೆದಿದ್ದಳು.

"ಇದು ನಾ ಬರದದ್ದು," ಎಂದಳು ಮಲ್ಲೇಶ್ವರಿ.

ಆಬೇದಾ ನಕ್ಕಳು. ಆಮೇಲೆ ಗೆಳತಿಯ ಮುಖ ನೋಡಿ ಫೋನು ಅವಳ ಕೈಗೆ ಕೊಟ್ಟಳು.

ವಿಡಿಯೊದ ಕೆಳಗೆ ಮಲ್ಲೇಶ್ವರಿಯೂ ಬರೆದಳು: ಇದು ನನ್ನದು, ನನ್ನ ತಂಗಿಯ ಬಗ್ಗೆ ಬರೆದದ್ದು. ಒಬ್ಬರು, ಹೆಸರು ಮಾಡಲು ಬಂದಿದ್ದೀಯಾ ಎಂದು ಕೇಳಿದರು. ಇನ್ನೊಬ್ಬರು ಕುಸುಬೆ ಹೂವು ನೋಡಿ, ಮುಖ ಇಲ್ಲದವರ ಮಾತು ಯಾರು ನಂಬುತ್ತಾರೆ ಎಂದರು. ಸಂಜೆಯ ಹೊತ್ತಿಗೆ ಆ ಪುಟವೇ ಅವಳಿಗೆ ಕಾಣದಂತಾಯಿತು. ಅಶೋಕಕುಮಾರ ಅವಳನ್ನು ಬ್ಲಾಕ್ ಮಾಡಿದ್ದ. ಅವಳು ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದಳೇನೋ. ಅಷ್ಟರಲ್ಲಿ ಅಣ್ಣನ ಫೋನು ಬಂತು.

"ಭಾಲ್ಕ್ಯಾಗ ಅಶೋಕಕುಮಾರ ಅನ್ನಾಂವ ಯಾರು?" ಕಾಶೀನಾಥನ ದನಿ ಗಟ್ಟಿಯಾಗಿತ್ತು. "ನಮ್ಮ ಮೇಘಾಗ ಅಂವ ಹ್ಯಾಂಗ ಗೊತ್ತು?"

"ಯಾಕ ಅಣ್ಣಾ?"

"ಡಾಬಕಾದ ಬೀಗರು ವಿಡಿಯೊ ಕಳಿಸ್ಯಾರ. ಅದರಾಗ ಆಕಿ ಹೆಸರು ಅದ, ಮರಿ ಅದ. ನಿಮ್ಮ ಹುಡುಗಿ ಭಾಲ್ಕಿಗಿ ಸಾಲಿ ಕಲೀಲಾಕ ಹೋಗ್ತಿದ್ಳೋ ಮತ್ತೇನಕ್ಕೋ ಅಂತ ಕೇಳಲತ್ತಾರ."

"ಅದು ನಾ ಬರದೀನಿ ಅಣ್ಣಾ. ತಂಗಿ ಅಂತ ಬರದಿದ್ದೆ. ಅಂವ ಬದಲ ಮಾಡ್ಯಾನ."

"ನೀ ಯಾವಾಗಿಂದ ಬರಿಲತ್ತಿ?" ಎಂದ ಕಾಶೀನಾಥ. "ಈಗ ಇದನ್ನ ಯಾರು ನಂಬ್ತಾರ?"

"ಅಪ್ಪ ಅದನ್ನ ಕೇಳ್ಯಾನೇನು?"

"ಮತ್ತ ಮತ್ತ ಹಚ್ಚಿಸಿ ಕೇಳ್ಯಾನ. ಅವತ್ತಿಂದ ಉಣ್ಣಲಾಕ ಕುಂತ್ರ ಒಂದು ಮಾತಿಲ್ಲ."

ವಾರದ ರಜೆಯ ದಿನ ಅವಳು ಭಾಲ್ಕಿಗೆ ಹೋದಳು. ಅಶೋಕಕುಮಾರನದು ಬಸ್‌ಸ್ಟ್ಯಾಂಡಿನ ಹತ್ತಿರ ಬ್ಯಾನರು, ಲಗ್ನಪತ್ರಿಕೆ ಮಾಡುವ ಅಂಗಡಿ. ಕೇಳಿದ ಕೂಡಲೇ ಜನ ತೋರಿಸಿದರು. ನಡುವಯಸ್ಸಿನ, ಮೆದು ಮಾತಿನ ಮನುಷ್ಯ. ಗಿರಾಕಿ ಎಂದುಕೊಂಡು ಕುರ್ಚಿ ಕೊಟ್ಟ. ಅವಳು ತನ್ನ ಫೋನು ತೆಗೆದು, ತಾನು ಬರೆದು ಹಾಕಿದ್ದನ್ನೂ ಅದರ ತಾರೀಖನ್ನೂ ತೋರಿಸಿದಳು. ಅವನು ಎರಡು ಸಲ ನೋಡಿದ.

"ಫಾರ್ವರ್ಡ್‌ನಾಗ ಬಂತ್ರಿ ಅಕ್ಕಾ," ಎಂದ. "ಕೆಳಗ ಹೆಸರಿರಲಿಲ್ಲ. ಹೆಸರಿಲ್ಲದ್ದು ಯಾರದೂ ಅಲ್ಲ ಅನ್ಕೊಂಡೆ."

"ಹೆಸರು ಮೊದಲನೇ ಸಾಲಿನಾಗೇ ಅದರಿ."

"ಮೇಘ ಅಂದ್ರ ಮೋಡ ಅಂತ ತಿಳದಿದ್ದೆ."

"ಮೋಡಕ್ಕ ಚಪ್ಪಲಿ ಇರ್ತಾವೇನ್ರಿ?"

ಅವನು ಮೇಜಿನ ಮೇಲಿನ ಲಗ್ನಪತ್ರಿಕೆಗಳನ್ನು ಜೋಡಿಸತೊಡಗಿದ.

"ತಂಗಿ ಯಾಕ ತಗದ್ರಿ?"

"ತಂಗಿ ಅಂದ್ರ ಜನ ಅಷ್ಟು ನೋಡಂಗಿಲ್ರಿ." ಹೇಳಿದ ಮೇಲೆ ಅವನಿಗೇ ಕಸಿವಿಸಿಯಾಯಿತು. "ಗಲತಿ ಆಗ್ಯಾದ. ಈಗೇ ತಗೀತೀನಿ," ಎಂದು ಫೋನಿಗೆ ಕೈ ಹಾಕಿದ.

"ನಿಂದರ್ರಿ," ಎಂದಳು ಮಲ್ಲೇಶ್ವರಿ. "ಸುಮ್ಮ ತಗದ್ರ ಅಂಜಿ ತಗದಾನ ಅಂತಾರ. ಮೊದಲ ನಮ್ಮಪ್ಪಗ ನೀವೇ ಹೇಳ್ರಿ."

ಅವಳೇ ಫೋನು ಹಚ್ಚಿ, ಜೋರಾಗಿ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟಳು. ಬಕ್ಕಪ್ಪ ಹೊಲದ ಬದುವಿನಲ್ಲಿದ್ದ. ಕುರಿಗಳ ಸದ್ದು ಕೇಳುತ್ತಿತ್ತು.

"ಯಜಮಾನ್ರ, ನಾ ಭಾಲ್ಕಿಯಿಂದ ಅಶೋಕಕುಮಾರ ಮಾತಾಡಲತ್ತೀನ್ರಿ. ಆ ವಿಡಿಯೊದಾಗಿನ ಪದ ನಂದಲ್ರಿ. ನಿಮ್ಮ ಮಗಳು ಮಲ್ಲೇಶ್ವರಿ ಅವರು ಬರದದ್ದು. ನಾ ಸುಳ್ಳೇ ನನ್ನ ಹೆಸರು ಹಾಕ್ಕೊಂಡೀನಿ."

"ಅಂದ್ರ ನೀ ನಮ್ಮ ಮೇಘಾಗ ನೋಡಿಲ್ಲ?"

"ಇಲ್ರಿ."

"ಬಸ್‌ಸ್ಟ್ಯಾಂಡಿನಾಗ? ಹಸಿರು ಓಢಣಿ ಹಾಕ್ಕೊಂಡು ನಿಂದರ್ತಿದ್ಳು. ಜೋರ ನಗ್ತಿದ್ಳು."

"ಖರೇನ ಇಲ್ರಿ, ಯಜಮಾನ್ರ. ಒಮ್ಮಿನೂ ನೋಡಿಲ್ಲ."

ಅಪ್ಪ ಬೈಯುತ್ತಾನೆಂದು ಇಬ್ಬರೂ ಕಾದರು. "ನಿನ್ನ ಭೆಟ್ಟಿ ಆಗಲಾಕ ಬರಬೇಕಂತಿದ್ದೆ," ಎಂದ ಬಕ್ಕಪ್ಪ. "ಆಕಿದು ಮಾತಾಡಲಾಕ ಒಬ್ಬಂವ ಅದಾನ ಅಂತ ತಿಳದಿದ್ದೆ. ಇರಲಿ." ಫೋನು ಕಟ್ಟಾಯಿತು.

ಅಶೋಕಕುಮಾರ ತಲೆ ಎತ್ತಲಿಲ್ಲ. ಮಲ್ಲೇಶ್ವರಿ ಎದ್ದು ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಳು. ಮಗಳ ಮಾನ ಹೋಯಿತೆಂದು ಅಪ್ಪ ಕೊರಗುತ್ತಿದ್ದಾನೆ ಎಂದು ಅವಳು ಇಡೀ ವಾರ ಅಂದುಕೊಂಡಿದ್ದಳು. ಅವನೋ, ಮೇಘಾಳ ಬಗ್ಗೆ ಮಾತಾಡಲು ಯಾವನೋ ಒಬ್ಬ ಅಪರಿಚಿತನಿಗಾಗಿ ಕಾಯುತ್ತಿದ್ದ. ತಾನು ಊರಿಗೆ ಹೋದಾಗಲೆಲ್ಲ ಅಪ್ಪನೂ ತಾನೂ ಒಂದೇ ಹಂಚಿನ ರೊಟ್ಟಿ ಉಂಡು, ಅವಳ ಮಾತೆತ್ತದೆ ಎದ್ದವರು. ಅವನಿಗೆ ಹೇಳಬೇಕಾದ ಮಾತನ್ನು ಅವಳು ಫೋನಿನಲ್ಲಿ ಗುರುತಿಲ್ಲದವರ ಮುಂದೆ ಹಾಕಿದ್ದಳು.

ಮುಂದಿನ ಬಸ್ಸಿಗೆ ಮೆಹಕರಕ್ಕೆ ಹೋದಳು. ಅಪ್ಪ ಅಂಗಳದಲ್ಲಿದ್ದ. ಪಕ್ಕದಲ್ಲಿ ಕೂತಳು.

"ನೀ ಬರದಿ?"

"ಹ್ಞೂಂ ಅಪ್ಪಾ."

"ಓದು."

ಓದಿದಳು. ಕೊನೆಯ ಸಾಲನ್ನು ಬೇಗ ಮುಗಿಸಿಬಿಟ್ಟಳು. ಒಳಗೆ ಹಿಟ್ಟು ನಾದುತ್ತಿದ್ದ ಸತ್ಯಮ್ಮನ ಬಳೆ ಸದ್ದು ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

"ಅಂವ ಸಾವಕಾಶ ಓದಿದ್ದ," ಎಂದ ಬಕ್ಕಪ್ಪ. ಕೆಡುಕೆನಿಸಲೆಂದು ಹೇಳಿದ್ದಲ್ಲ, ಕೇಳಿದಂತೆ ಹೇಳಿದ. ಮೇಘಾಳ ಮಾತು ತೆಗೆಯಲು ಅವಳು ಬಾಯಿ ತೆರೆದಳು. ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಅವನಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಕಾಶೀನಾಥ ಬಂದ. "ಅಂವ ವಿಡಿಯೊ ತಗದು ಹಾಕ್ಯಾನ. ಬೀಗರಿಗಿ ಹೇಳೀನಿ. ಇನ್ನ ಮ್ಯಾಲ ಮನಿ ಮಾತು ಫೋನಿನಾಗ ಹಾಕಬ್ಯಾಡ," ಎಂದು ಒಳಗೆ ಹೋದ.

ಅಶೋಕಕುಮಾರ ತನ್ನ ಪುಟದಲ್ಲಿ ಆ ಪದ್ಯ ತನ್ನದಲ್ಲವೆಂದು ಎರಡು ಸಾಲು ಬರೆದು, ಮಲ್ಲೇಶ್ವರಿಯ ಹೆಸರನ್ನೂ ಹಾಕಿದ್ದ. ವಿಡಿಯೊಕ್ಕೆ ಅತ್ತವರಲ್ಲಿ ಹೆಚ್ಚಿನವರು ಅದನ್ನು ಓದಲಿಲ್ಲ. ಪದ್ಯ ಮಾತ್ರ ಬೇರೆ ಬೇರೆ ಮುಖ, ಬೇರೆ ಬೇರೆ ಹೆಸರು ಹೊತ್ತು ತಿರುಗುತ್ತಲೇ ಇತ್ತು, 'ಗೆಳತಿ' ಎಂದೇ. ಆಬೇದಾ ಸಿಕ್ಕ ಕಡೆಯಲ್ಲೆಲ್ಲ ಜಗಳವಾಡಿ ಬಂದು ಹೇಳುವಳು. ಮಲ್ಲೇಶ್ವರಿ, "ಬಿಡು," ಎನ್ನುವಳು. ಕಾರ್ಖಾನೆಯ ಬಸ್ಸಿನಲ್ಲಿ ಮತ್ತೆ ಬರೆಯಲು ನೋಡಿದಳು. ಒಂದು ಸಾಲು ಹೊಳೆದರೆ ಅದು ಮನಸ್ಸಿನಲ್ಲಿ ಅಶೋಕಕುಮಾರನ ನಿಧಾನದ ದನಿಯಲ್ಲೇ ಕೇಳಿಸುತ್ತಿತ್ತು. ಅಳಿಸಿಬಿಡುತ್ತಿದ್ದಳು.

ಈಗ ಬಕ್ಕಪ್ಪ ಆಗಾಗ ಹೊಲದಿಂದ ತಾನೇ ಫೋನು ಮಾಡುತ್ತಾನೆ. ಮೊದಲು ಎಂದೂ ಮಾಡಿದವನಲ್ಲ. "ಉಂಡಿ?" ಎನ್ನುತ್ತಾನೆ. "ಉಂಡೀನಿ ಅಪ್ಪಾ," ಎನ್ನುತ್ತಾಳೆ. ಆಮೇಲೆ ಇಬ್ಬರೂ ಫೋನು ಹಿಡಿದುಕೊಂಡೇ ಇರುತ್ತಾರೆ. ಅವನು ಏನೋ ಹೇಳುವವನಂತೆ ಉಸಿರು ಎಳೆದುಕೊಳ್ಳುತ್ತಾನೆ, ಅವಳು ಕಾಯುತ್ತಾಳೆ. "ಕುರಿ ಹೊಲಕ್ಕ ಹೊಕ್ಕಾವ, ಇಡ್ತೀನಿ," ಎನ್ನುತ್ತಾನೆ ಕೊನೆಗೆ.