ಟಬ್ಬಿನಷ್ಟು ಹಾಡು

ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಳೆದ ಮಳೆಗಾಲದ ನನ್ನ ಡೈರಿಯಲ್ಲಿ ಟಬ್ಬು ಹಸಿರು ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಇವತ್ತು ಬೆಳಿಗ್ಗೆ ಬೆಡ್‌ಶೀಟು ನೆನೆಸಲೆಂದು ಅದನ್ನು ಹೊರಗೆಳೆದರೆ, ಅಂಚಿನಲ್ಲಿ ಒಣಗಿದ ಕೆಸರು ಹಾಗೇ ಇದೆ, ಟಬ್ಬು ಮಾತ್ರ ನೀಲಿ. ಅಂದೇ ಬರೆದಿಟ್ಟದ್ದರ ಗತಿ ಇದಾದರೆ, ನೆನಪಿನಿಂದ ಬರೆಯುವುದನ್ನು ಎಷ್ಟು ನಂಬಬೇಕೆಂಬುದು ನಿಮಗೇ ಬಿಟ್ಟದ್ದು.

ಆ ಕೆಸರು ನನ್ನ ಚಿಕ್ಕಮ್ಮನ ಉದ್ಯೋಗಕ್ಕೆ ಸಂಬಂಧಿಸಿದ್ದು. ಅವಳು ಮುಂಬಯಿಯಲ್ಲಿ, ಮೊಬೈಲಿನಲ್ಲಿ ಹಾಡು ಕೇಳಿಸುವ ಕಂಪೆನಿಯೊಂದರ ದೊಡ್ಡ ಅಧಿಕಾರಿ. ಹುದ್ದೆಯ ಹೆಸರು ಎಷ್ಟು ಉದ್ದವೆಂದರೆ, ಮದುವೆಗಳಲ್ಲಿ ಪರಿಚಯಿಸುವಾಗ ಅಮ್ಮ ಅರ್ಧಕ್ಕೇ ನಿಲ್ಲಿಸಿ, "ಒಟ್ಟು ಹಾಡಿನ ಕೆಲಸ" ಎಂದುಬಿಡುತ್ತಾಳೆ. ಅದನ್ನು ಕೇಳಿದ ಬಂಟ್ವಾಳದ ಮಾವನೊಬ್ಬರು, "ಹಾಗಾದ್ರೆ ಆ ಮೈಕ್ ಒಮ್ಮೆ ನೋಡು ಮಾರಾಯ್ತಿ, ಆಗದಿಂದ ಕುಂಯ್ ಅಂತ ಉಂಟು" ಎಂದಿದ್ದರು. ಚಿಕ್ಕಮ್ಮ ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಹೋಗಿ ಸರಿಮಾಡಿ ಬಂದಳು.

ಅವಳ ವೃತ್ತಿ ಶುರುವಾದದ್ದು ಗುರುವಾಯನಕೆರೆಯ ಕ್ಯಾಸೆಟ್ ಅಂಗಡಿಯಲ್ಲಿ. ಗಿರಾಕಿ ಪಟ್ಟಿ ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸುವುದು. ಕೊನೆಗೆ ಎರಡು ನಿಮಿಷದ ರೀಲು ಉಳಿದರೆ ಎರಡೇ ನಿಮಿಷದ ಹಾಡು ಹುಡುಕಿ ಕೂರಿಸುತ್ತಿದ್ದಳಂತೆ. ಮುಂದೆ ಮುಂಬಯಿಯಲ್ಲಿ ಹಾಡುಗಳನ್ನು ಮೂವತ್ತು ಸೆಕೆಂಡಿಗೆ ಕತ್ತರಿಸಿ ರಿಂಗ್‌ಟೋನ್ ಮಾಡಿದಳು. ಈಗ, ಕೇಳುವವರು ಯಾವ ಸೆಕೆಂಡಿನಲ್ಲಿ ಬೇಸತ್ತು ಮುಂದಿನ ಹಾಡಿಗೆ ಜಿಗಿಯುತ್ತಾರೆಂದು ಕಂಡುಹಿಡಿಯುವ ತಂತ್ರಾಂಶವೇ ಅವಳ ಕೈಕೆಳಗಿದೆ.

ಕಂಪೆನಿಯಲ್ಲಿ ತುಳುವಿಗೂ ಒಂದು ವಿಭಾಗ ಬೇಕೆಂದು ಹಠ ಹಿಡಿದವಳು ಅವಳೇ. ಮೊದಲ ಹಾಡು ತನ್ನ ತಾಯಿ, ಅಂದರೆ ನಮ್ಮ ಅಜ್ಜಿ, ನಾಟಿ ಮಾಡುತ್ತ ಹಾಡುತ್ತಿದ್ದ ಪಾಡ್ದನವೇ, ಆ ಉದ್ದನೆಯ ಕಥೆಹಾಡೇ ಆಗಬೇಕೆಂದು ಮೈಕು ಹಿಡಿದು ಮೂಡುಬಿದಿರೆಯ ನಮ್ಮ ಮನೆಗೆ ಬಂದಳು. ಅಜ್ಜಿಗೆ ಎಂಬತ್ತು ದಾಟಿದೆ. ಸ್ವರ ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿದೆ. ಆ ಹಾಡು ಪೂರ್ತಿ ಬರುವುದು ಅವರೊಬ್ಬರಿಗೇ.

ಅಜ್ಜಿ ಸೋಫಾದಲ್ಲಿ ಕುಳಿತು ಮೈಕನ್ನು ನೋಡಿದರು. "ಕೈಯಲ್ಲಿ ನೇಜಿ ಇಲ್ಲದೆ ಹಾಡು ಎಲ್ಲಿಂದ ಬರ್ತದೆ ಮಗಾ?" ನೇಜಿ ಎಂದರೆ ಭತ್ತದ ಸಸಿ. ಅಜ್ಜಿ ಹೇಳಿದ್ದು ತುಳುವಿನಲ್ಲಿ, ಕನ್ನಡ ನನ್ನದು.

ಮಿಜಾರಿನ ಹತ್ತಿರ ನಮ್ಮ ಗದ್ದೆ ಇದ್ದಲ್ಲಿ ಈಗ ಬಸ್ಸುಗಳು ಸಾಲಾಗಿ ನಿಲ್ಲುತ್ತವೆ. ಹಾಗಾಗಿ ಟಬ್ಬಿಗೆ ಕೆಸರು ತುಂಬಿಸಿ, ಪಕ್ಕದವರಿಂದ ಒಂದು ಹಿಡಿ ನೇಜಿ ತಂದು, ಮನೆಯ ಹಾಲ್‌ನ ನಡುವೆ ಇಟ್ಟೆವು. ಉಪಾಯ ನನ್ನದೆಂದು ನನ್ನ ನೆನಪು, ಅಮ್ಮ ತನ್ನದೆನ್ನುತ್ತಾಳೆ. ಅಜ್ಜಿ ಬಗ್ಗಿದರು, ನೆಟ್ಟರು, ಹಾಡು ತಾನಾಗಿಯೇ ಬಂತು. ಟಬ್ಬು ತುಂಬಿತು. ಅಜ್ಜಿ ಹಾಡು ನಿಲ್ಲಿಸಿ ಕೈ ತೊಳೆಯಲು ಹೊರಟರು. ಮೈಕಿಗೆ ಸಿಕ್ಕಿದ್ದು ನಲವತ್ತು ಸೆಕೆಂಡು.

"ಅಮ್ಮಾ, ಮತ್ತೆ?" ಎಂದಳು ಚಿಕ್ಕಮ್ಮ.

"ಮತ್ತೆ ಎಂಥದು? ಗದ್ದೆ ಮುಗೀತಲ್ಲ."

"ಕಿತ್ತು ಇನ್ನೊಮ್ಮೆ ನೆಡುವ."

"ನೆಟ್ಟದ್ದನ್ನು ಕೀಳುವುದಾ? ಮುಂಬಯಿಯಲ್ಲಿ ಬೇಸಾಯ ಹೀಗಾ?"

ಮರುದಿನ ಬೆಳ್ತಂಗಡಿ ದಾರಿಯಲ್ಲಿ ಪರಿಚಯದ ಜೈನರೊಬ್ಬರ ಗದ್ದೆಗೆ ಹೋದೆವು. ಅವರು ನಾಟಿಯ ಯಂತ್ರ ನಿಲ್ಲಿಸಿ, ಮೂಲೆಯ ಒಂದು ಸಣ್ಣ ಗದ್ದೆ ಬಿಟ್ಟುಕೊಟ್ಟರು. ಪಾಡ್ದನಕ್ಕೆ ಒಬ್ಬರೇ ಹಾಡಿದರೆ ಸಾಲದು, ಹಿಂದಿನಿಂದ ಸಾಲನ್ನು ಎತ್ತಿಕೊಂಡು ಹಾಡುವವರು ಬೇಕು. ವಿಶ್ವವಿದ್ಯಾಲಯದಲ್ಲಿ ಜಾನಪದ ಓದಿದವಳು ನಾನು. ಎರಡನೇ ಸಲವೇ ಸಾಲು ತಪ್ಪಿಸಿದೆ. "ನೀನು ಮೈಕ್ ಹಿಡಿ ಸಾಕು" ಎಂದರು ಅಜ್ಜಿ. ಚಿಕ್ಕಮ್ಮ ಕೈಗಡಿಯಾರ ಬಿಚ್ಚಿಟ್ಟು ಕೆಸರಿಗಿಳಿದಳು. ಸ್ವಲ್ಪ ಹೊತ್ತಿಗೆ ಅಜ್ಜಿ ಒಂದು ಹಿಡಿ ನೇಜಿಯೊಂದಿಗೆ ಬದುವಿನ ಮೇಲೆ ಕುಳಿತರು, ನೆಡುವುದು ಪೂರ್ತಿ ಚಿಕ್ಕಮ್ಮನ ಪಾಲಿಗೆ ಬಂತು. ಅವಳು ನಿಧಾನ, ಆದ್ದರಿಂದ ಹಾಡೂ ನಿಧಾನ. ಗದ್ದೆ ಮುಗಿಯುವಾಗ ಹಾಡಿನ ಉದ್ದ ಒಂದು ಗಂಟೆ ಹತ್ತು ನಿಮಿಷ.

ಕಳೆದ ವಾರ ಕಂಪೆನಿಯ ತೀರ್ಮಾನ ಬಂತು. ಹಾಡನ್ನು ಮೂರು ನಿಮಿಷಕ್ಕೆ ಇಳಿಸಿದರೆ ತುಳು ವಿಭಾಗ ಉಂಟು, ಇಲ್ಲದಿದ್ದರೆ ಇಲ್ಲ. ಜೀವಮಾನವಿಡೀ ಹಾಡು ಕತ್ತರಿಸಿದ ಕೈಗೆ ಇದೇನು ಮಹಾ ಎಂದು ನಾನೂ ಅಂದುಕೊಂಡೆ. ಆದರೆ ಇವತ್ತು ಮಧ್ಯಾಹ್ನ ಕುಳಿತು ಪೂರ್ತಿ ಕೇಳಿದೆ. ನಡುವೆ ಒಂದು ಕಡೆ ಅಜ್ಜಿಗೆ ಕೆಮ್ಮು ಬರುತ್ತದೆ. ಹಾಡು ನಿಲ್ಲುವುದಿಲ್ಲ. ಮುಂದಿನ ಸಾಲನ್ನು, ಯಾರೂ ಹೇಳಿಕೊಡದೆ, ಚಿಕ್ಕಮ್ಮ ಒಬ್ಬಳೇ ಹಾಡುತ್ತಾಳೆ, ಅದರ ಮುಂದಿನದನ್ನೂ. ಆಮೇಲೆ ಅಜ್ಜಿಯ ಸ್ವರ, ಸ್ವಲ್ಪ ನಗುತ್ತ, ಹಿಂದಿನಿಂದ ಎತ್ತಿಕೊಳ್ಳುತ್ತದೆ. ಅಂದು ಮೈಕ್ ಹಿಡಿದು ಅಲ್ಲೇ ನಿಂತಿದ್ದ ನನಗೆ ಇದು ಕೇಳಿಸಿಯೇ ಇರಲಿಲ್ಲ.

ಕೂಡಲೇ ಅವಳಿಗೆ ಮೆಸೇಜು ಹಾಕಿದೆ. ಓದಿದ ಗುರುತು ಆಗಲೇ ಬಿತ್ತು. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮಾ, ಯಾವ ಮೂರು ನಿಮಿಷ ಇಟ್ಟುಕೊಳ್ತಿ?"