ಮನೆಗೆ ಮೊದಲು, ಕಲ್ಲಿಗೆ ಆಮೇಲೆ

ಉಳಿಯಣ್ಣನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಮೂವತ್ತು ವರ್ಷ ಅಂಗಡಿಗಳ, ಶಾಲೆಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿದವನು. ಮಾತಿಗೆ ಕೂತರೆ ಕಲ್ಲನ್ನೂ ನಗಿಸುತ್ತಾನೆ ಎನ್ನುತ್ತಿದ್ದರು. ಯುದ್ಧ ಶುರುವಾದ ಮೇಲೆ ಚೌಕದ ಸ್ಮಾರಕದ ಕೆಲಸ ಅವನ ಪಾಲಿಗೆ ಬಂತು. ಸತ್ತ ಸೈನಿಕರ ಪಟ್ಟಿ ಕಚೇರಿಯಿಂದ ಬರುತ್ತಿತ್ತು. ಮೊದಲು ಮನೆಯವರಿಗೆ ಸುದ್ದಿ, ಮೂರು ದಿನ ಬಿಟ್ಟು ಅವನಿಗೆ ಪಟ್ಟಿ, ಅದು ನಿಯಮ. ಆದರೂ ಅವನು ಲಕೋಟೆ ಹಿಡಿದು ಬಂದರೆ ಓಣಿಯವರು ಮುಖ ತಪ್ಪಿಸಿ ಒಳಗೆ ಹೋಗುತ್ತಿದ್ದರು. ಅವರನ್ನು ಯಾಕೆ ಬೈಯಬೇಕು, ಅವನಿಗೇ ತನ್ನ ಕೈ ಕಂಡರೆ ಆಗುತ್ತಿರಲಿಲ್ಲ. ಅವನ ಒಬ್ಬನೇ ಮಗನೂ ಗಡಿಯಲ್ಲಿದ್ದ. ಅವನ ಕೊನೆಯ ಪತ್ರ ಬಂದು ಇಪ್ಪತ್ತೆರಡು ದಿನ ಆಗಿತ್ತು.

ಆ ಮಂಗಳವಾರ, ನಿಯಮ ಗೊತ್ತಿದ್ದರೂ, ಮಗನ ಹೆಸರನ್ನೇ ಹುಡುಕುತ್ತ ಲಕೋಟೆ ಒಡೆದ. ಕಣ್ಣು ಮೇಲಿನಿಂದ ಕೆಳಗೆ ಓಡಿತು. ಮಗನ ಹೆಸರಿಲ್ಲ. ಹೋದ ಜೀವ ಬಂದಂತಾಗಿ ಒಬ್ಬನೇ ಜೋರಾಗಿ ನಕ್ಕ. ಮತ್ತೆ ನಿಧಾನವಾಗಿ ಓದಿದರೆ, ಎರಡನೆಯದೇ ಪಕ್ಕದ ಇಸ್ತ್ರಿ ಅಂಗಡಿಯವಳ ಮಗನ ಹೆಸರು. ತಂದೆಯ ಹೆಸರು, ಮನೆ ನಂಬರು, ಎಲ್ಲವೂ ಸರಿ. ಅವಳೋ ಬೆಳಿಗ್ಗೆಯಿಂದ ಹಾಡು ಗುನುಗುತ್ತ ಬಟ್ಟೆ ಮಡಿಸುತ್ತಿದ್ದಳು. ಕಚೇರಿಯ ಯಾವ ಪುಣ್ಯಾತ್ಮ ಹೀಗೆ ಹಿಂದುಮುಂದು ಮಾಡಿದನೋ, ಸುದ್ದಿ ಅವಳಿಗಿನ್ನೂ ಮುಟ್ಟಿರಲಿಲ್ಲ.

ಕೆತ್ತುವ ಮೊದಲು ಎಲ್ಲ ಹೆಸರನ್ನೂ ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆ ಬರೆದುಕೊಳ್ಳುವುದು ಅವನ ಪದ್ಧತಿ. ಸುಮ್ಮನೆ ಕೂತರೆ ಎದೆ ಒಡೆದೀತೆಂದು ಬರೆಯತೊಡಗಿದ. ಅವಳ ಮಗನ ಹೆಸರನ್ನು ಮುಂದೂಡುತ್ತ ಮುಂದೂಡುತ್ತ ಕೊನೆಗೆ ತಳದಲ್ಲಿ ಬರೆದ. ಅಕ್ಷರ ವಾಲಿದವು.

"ಆಗಲೇ ನೀವು ನಕ್ಕಿದ್ದು ಕೇಳಿಸ್ತು ಉಳಿಯಣ್ಣ." ಇಸ್ತ್ರಿಯವಳು ಅವನ ಕೆಲಸದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ನಿಮ್ಮವನ ಹೆಸರಿಲ್ಲ ತಾನೇ?"

"ಇಲ್ಲ ತಂಗಿ."

"ಇಬ್ಬರೂ ಒಂದೇ ತುಕಡಿ. ನಿಮ್ಮವನು ಚೆನ್ನಾಗಿದ್ದಾನೆ ಅಂದ್ರೆ ನಮ್ಮವನೂ ಚೆನ್ನಾಗಿದ್ದಾನೆ ಬಿಡಿ." ಅವಳು ಸ್ಟೂಲು ಎಳೆದುಕೊಂಡು ಕೂತಳು. "ಕನ್ನಡಕ ಅಂಗಡೀಲೇ ಬಿಟ್ಟು ಬಂದೆ. ಯಾರ್ಯಾರು, ಓದಿ. ಆ ಮನೆಗಳಿಗೆ ಹೋಗಿ ಮಾತಾಡಿಸಿ ಬರ್ತೀನಿ."

ಆಗದು ಎನ್ನಲು ನೆಪ ಸಿಗಲಿಲ್ಲ. ಕಲ್ಲಿನ ಮೇಲಿನ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದ. ಪ್ರತಿ ಹೆಸರಿಗೂ ಅವಳು "ಅಯ್ಯೋ ಪಾಪ" ಎಂದಳು. ಇಂಥವಳಿಗೆ ಸುಳ್ಳು ಹೇಳಲಾಗದು, ನಿಜ ಹೇಳಲು ನಾಲಗೆ ಏಳದು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ತಳದ ಸಾಲಿಗೆ ಬಂದಾಗ ಓದು ನಿಲ್ಲಿಸಿ, ಏನೋ ಹುಡುಕುವವನಂತೆ ಬಗ್ಗಿದ.

"ಇನ್ನೊಂದು ಸಾಲು ಇದೆಯಲ್ಲಣ್ಣ," ಎನ್ನುತ್ತ ಅವಳು ಎದ್ದು ಹತ್ತಿರ ಬಂದಳು. "ಅದು ಯಾರ ಮನೆ?"

ಉಳಿಯಣ್ಣ ಆ ಸಾಲಿನ ಮೇಲೆ ಅಂಗೈ ಒತ್ತಿ ಹಿಡಿದು, "ಕೂತ್ಕೋ ತಂಗಿ," ಎಂದ.