ನಾಲ್ವರು ಹೊತ್ತ ಕುರ್ಚಿ

ಕೊರೋನಾ ಕಾಟ ಮುಗಿದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ ಅದು. ನಾನು ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಸಹ ಪ್ರಾಧ್ಯಾಪಕಿ, ಜೊತೆಗೆ ‘ಸಮಾನ ಅವಕಾಶ ಘಟಕ’ದ ಸಂಚಾಲಕಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಒಳಗೇ ವರ್ಗವಾಗುತ್ತ ನನ್ನ ನೌಕರಿ ಮುಗಿಯಿತು. ಈಗ ಹೇಳಹೊರಟಿರುವುದು ಯಾವ ಊರಿನ ಸಂಗತಿ ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಉಳಿದ ನಾಲ್ಕು ಊರಿನವರು ‘ಸದ್ಯ, ನಮ್ಮದಲ್ಲ’ ಎಂದು ನೆಮ್ಮದಿಯಿಂದ ಮಲಗುತ್ತಾರೆ. ಆ ಅನುಕೂಲವನ್ನು ನಾನೇಕೆ ಮಾಡಿಕೊಡಲಿ?

ಸಮಾನ ಅವಕಾಶ ಘಟಕದ ಕೆಲಸ ಏನೆಂದು ಓದುಗರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಎಷ್ಟೋ ಅಧ್ಯಾಪಕರಿಗೇ ಗೊತ್ತಿರಲಿಲ್ಲ. ವಿಕಲಚೇತನ ವಿದ್ಯಾರ್ಥಿಗಳು ಉಳಿದವರಂತೆಯೇ ಕಲಿಯಲು ಏನು ಬೇಕೋ ಅದನ್ನು ಒದಗಿಸುವುದು ಅದರ ಕೆಲಸ. ಕಣ್ಣು ಕಾಣದವರಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರು, ನಿಧಾನವಾಗಿ ಬರೆಯುವವರಿಗೆ ಹೆಚ್ಚಿನ ಸಮಯ, ಗಾಲಿಕುರ್ಚಿಯವರಿಗೆ ಓಡಾಡಲು ದಾರಿ. ಇದೆಲ್ಲ 2016ರ ಕಾಯ್ದೆಯಲ್ಲಿ ಹಕ್ಕು ಎಂದೇ ಬರೆದಿದೆ. ನಮ್ಮಲ್ಲಿ ಮಾತ್ರ ಘಟಕವೆಂದರೆ ಗೋಡೆಯ ಮೇಲಿನ ಒಂದು ಬೋರ್ಡು. ತನಿಖೆಗೆ ಯಾರಾದರೂ ಬರುವ ಮುಂಚೆ ಅದಕ್ಕೆ ಬಣ್ಣ ಬಳಿಯುತ್ತಿದ್ದರು. ನನಗೆ ಅದನ್ನು ವಹಿಸಿದಾಗ ಪ್ರಾಂಶುಪಾಲರು ಕೊಟ್ಟ ಕಾರಣ ಇಷ್ಟೇ: ‘ನೀವು ಸಮಾಜಶಾಸ್ತ್ರದವರಲ್ಲೇನ್ರಿ ಮೇಡಂ? ಸಮಾಜಸೇವಾನೂ ನೀವೇ ನೋಡ್ಕೊಳ್ರಿ.’

ಆ ವರ್ಷ ನಸೀಮಾ ಪ್ರವೇಶಕ್ಕೆ ಬಂದಳು. ಅವಳ ತಂದೆ ರಾಜಾಸಾಬ್ ಊರ ಬಸ್ ನಿಲ್ದಾಣದ ಹಿಂದೆ ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡವರು. ಮಗಳಿಗೆ ಹುಟ್ಟಿನಿಂದ ಎರಡೂ ಕಾಲಿನಲ್ಲಿ ಬಲವಿಲ್ಲ. ಹಳೆಯ ಸ್ಕೂಟರಿನ ಹಿಂದೆ ಎರಡು ಪಕ್ಕದ ಗಾಲಿ ಜೋಡಿಸಿ ದಿನಾ ಕರೆತರುತ್ತಿದ್ದರು. ಗಾಲಿಕುರ್ಚಿ ಕಾಲೇಜಿನಲ್ಲಿಯೇ ಇರುತ್ತಿತ್ತು. ಪಿಯುಸಿಯಲ್ಲಿ ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಬಿ.ಎಸ್ಸಿ., ಆಮೇಲೆ ಎಂ.ಎಸ್ಸಿ. ಓದಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂದು ಅವಳ ಆಸೆ.

ನಮ್ಮ ವಿಜ್ಞಾನ ವಿಭಾಗ ಪೂರ್ತಿ ಮೇಲಿನ ಮಹಡಿಯಲ್ಲಿತ್ತು. ಲಿಫ್ಟ್ ಎಂಬುದನ್ನು ನಮ್ಮ ಕಟ್ಟಡ ಕನಸಿನಲ್ಲೂ ಕಂಡಿರಲಿಲ್ಲ. ಮುಂಬಾಗಿಲಿಗೆ ಒಂದು ಇಳಿಜಾರು ರ‍್ಯಾಂಪ್ ಇತ್ತು ನಿಜ, ಆದರೆ ನೆರಳು ಬೀಳುವ ಜಾಗವೆಂದು ಅದರ ಮೇಲೆ ಅಧ್ಯಾಪಕರ ಬೈಕುಗಳು ನಿಲ್ಲುತ್ತಿದ್ದವು. ಅವನ್ನು ತೆಗೆಸಲು ನಾನು ಒಂದು ವಾರ ಜಗಳ ಮಾಡಿದೆ. ರ‍್ಯಾಂಪ್ ಹತ್ತಿದರೆ ಸಿಗುವುದು ಪಡಸಾಲೆ, ಪಡಸಾಲೆ ದಾಟಿದರೆ ಮೆಟ್ಟಿಲು.

‘ಬಿ.ಎ.ಗೆ ಸೇರಿಬಿಡವ್ವ’ ಎಂದರು ಪ್ರಾಂಶುಪಾಲರು. ‘ಕ್ಲಾಸು ಕೆಳಗ ಇರತಾವು. ನಿನಗೂ ಆರಾಮ.’

ನಸೀಮಾ ತಲೆ ತಗ್ಗಿಸಲಿಲ್ಲ. ‘ಕಾಲು ಸರಿ ಇಲ್ಲಂತ ಸೈನ್ಸ್ ಬಿಡಬೇಕೇನ್ರಿ ಸರ್? ಲ್ಯಾಬ್‌ನಾಗ ಕೆಲಸ ಮಾಡೋದು ಕೈಲೇರಿ.’

ಪ್ರಾಂಶುಪಾಲರು ನಕ್ಕು ಸಹಿ ಹಾಕಿದರು. ಅವರು ಕೆಟ್ಟ ಮನುಷ್ಯ ಅಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಅವಳನ್ನು ಕಂಡಾಗಲೆಲ್ಲ ‘ಉಂಡಿಯೇನವ್ವ?’ ಎನ್ನುವರು, ಗುಡಿಯಿಂದ ತಂದ ಪ್ರಸಾದ ಕೊಡುವರು. ಮೆಟ್ಟಿಲಿನ ಸಮಸ್ಯೆಗೂ ಅವರೇ ಪರಿಹಾರ ಹುಡುಕಿದರು. ಅವಳ ತರಗತಿಯ ನಾಲ್ಕು ಗಟ್ಟಿಮುಟ್ಟಾದ ಹುಡುಗರನ್ನು ಕರೆದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳನ್ನು ಕೂರಿಸಿ ದಿನಾ ಮೇಲೆ ಹೊತ್ತುಕೊಂಡು ಹೋಗಿ ಎಂದರು. ಹುಡುಗರು ಒಪ್ಪಿದರು. ಕಾಲೇಜಿಗೆ ಕಾಲೇಜೇ ಅವರನ್ನು ಕೊಂಡಾಡಿತು.

ನಮ್ಮ ಕಡೆ ಜನ ಹೀಗೆಯೇ. ಬಸ್ಸಿನ ಮೆಟ್ಟಿಲು ಎತ್ತರವಾದರೆ ಮುದುಕಿಯನ್ನು ಎತ್ತಿ ಹಾಕುತ್ತಾರೆ, ಆಸ್ಪತ್ರೆಯಲ್ಲಿ ಸ್ಟ್ರೆಚರ್ ಇಲ್ಲದಿದ್ದರೆ ರೋಗಿಯನ್ನು ಎತ್ತಿಕೊಳ್ಳುತ್ತಾರೆ. ಎತ್ತಲು ಕೈಗಳಿಗೆ ಬರವಿಲ್ಲ. ಆ ಕೈಗಳು ಇರುವುದರಿಂದಲೇ ಮೆಟ್ಟಿಲನ್ನು ಯಾರೂ ಪ್ರಶ್ನಿಸುವುದಿಲ್ಲ. ಹದಿನೆಂಟು ದಾಟಿದ ಹೆಣ್ಣುಮಗಳು, ಮೈತುಂಬ ದುಪಟ್ಟಾ ಹೊದ್ದವಳು, ನೂರಾರು ಮಂದಿ ನೋಡುತ್ತಿರುವಾಗ ಹುಡುಗರ ಹೆಗಲ ಮೇಲೆ ತೂಗಾಡುತ್ತ ಮೇಲೆ ಹೋಗುವುದು ಅವಳಿಗೆ ಹೇಗನಿಸುತ್ತದೆ ಎಂದು ಯಾರೂ ಕೇಳಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಕುರ್ಚಿಯ ಕೈ ಬಿಗಿಯಾಗಿ ಹಿಡಿದಿರುತ್ತಿದ್ದಳು. ‘ಹೆದರಿಕಿ ಪಾಪ’ ಎನ್ನುತ್ತಿದ್ದರು ನೋಡಿದವರು. ಹೆದರಿಕೆ ಅಲ್ಲ, ನಾಚಿಕೆ.

ಒಂದು ಮಧ್ಯಾಹ್ನ ಅವಳ ತುಟಿ ಒಣಗಿದ್ದನ್ನು ನೋಡಿ ನೀರು ಕೊಡಲು ಹೋದೆ. ಬೇಡವೆಂದಳು. ಒತ್ತಾಯಿಸಿದಾಗ ಮೆಲ್ಲಗೆ ಹೇಳಿದಳು: ‘ಮುಂಜಾನಿಂದ ಕುಡಿಯಂಗಿಲ್ರಿ ಮೇಡಂ. ಕುಡದ್ರ ಕೆಳಗ ಬಾತ್‌ರೂಮಿಗೆ ಬರಬೇಕಾಗತೈತಿ. ಅದಕ್ಕೂ ಹುಡುಗರನ್ನ ಕರಿಯಾಕ ಆಗತೈತೇನ್ರಿ?’

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಬಿಸಿಲಿನಲ್ಲಿ ನಾಯಿಗೂ ಬಾಯಾರುತ್ತದೆ. ಈ ಹುಡುಗಿ ಒಂದು ಪದವಿಗಾಗಿ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟಲು ಒಣಗಿಸಿಕೊಂಡು ಕೂರುತ್ತಿದ್ದಳು, ನಾವು ಕೆಳಗೆ ಮಾನವೀಯತೆಯ ಭಾಷಣ ಮಾಡುತ್ತಿದ್ದೆವು.

ಇನ್ನೊಂದು ಆಪತ್ತು ಕಾದಿತ್ತು. ನಾಲ್ವರಲ್ಲಿ ಒಬ್ಬ ಬಸ್ ತಪ್ಪಿಸಿಕೊಂಡರೆ, ಇನ್ನೊಬ್ಬನಿಗೆ ಹೊಲದಲ್ಲಿ ಕೆಲಸ ಬಿದ್ದರೆ, ಅಂದು ನಸೀಮಾ ಪಡಸಾಲೆಯಲ್ಲಿಯೇ ಉಳಿಯುತ್ತಿದ್ದಳು. ಪ್ರಾಯೋಗಿಕ ತರಗತಿಗೆ ಹಾಜರಾತಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಎರಡನೆಯ ವರ್ಷದ ಹೊತ್ತಿಗೆ ರಸಾಯನಶಾಸ್ತ್ರದ ಕೊಟ್ರೇಶ್ ಸರ್ ನನ್ನ ಹತ್ತಿರ ಬಂದು, ‘ಹುಡುಗಿ ಶಾಣ್ಯಾಕಿ ಅದಾಳ್ರಿ, ಆದ್ರ ಹಾಜರಿ ಕಡಿಮಿ ಆಗೈತಿ. ಹಿಂಗ ಆದ್ರ ನಾನು ಏನೂ ಮಾಡಾಕ ಬರಂಗಿಲ್ಲ’ ಎಂದರು. ತಾನು ಬರಲು ಸಿದ್ಧಳಿದ್ದೂ ತಲುಪಲಾಗದ ತರಗತಿಗೆ ಅವಳೇ ಗೈರುಹಾಜರಿ! ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಗೊತ್ತಿಲ್ಲ.

ಪರಿಹಾರ ಕಣ್ಣೆದುರೇ ಇತ್ತು. ಮೆಟ್ಟಿಲ ಪಕ್ಕದಲ್ಲಿಯೇ, ನೆಲಮಹಡಿಯಲ್ಲಿ, ಕಲ್ಲಿನ ಚೌಕಟ್ಟಿನ ದೊಡ್ಡ ಕೋಣೆಯೊಂದಕ್ಕೆ ವರ್ಷಗಟ್ಟಲೆ ಬೀಗ ಬಿದ್ದಿತ್ತು. ಒಳಗೆ ‘ಡೆಡ್ ಸ್ಟಾಕ್’. ಅಂದರೆ ಕಾಲೇಜಿನ ಮುರಿದ ಬೆಂಚು, ಕುರ್ಚಿ, ಕಪಾಟುಗಳು. ಸರ್ಕಾರದ ಸಾಮಾನು ಎಷ್ಟು ಹಾಳಾದರೂ ಎಸೆಯುವಂತಿಲ್ಲ. ಸಮಿತಿ ನೋಡಬೇಕು, ಒಪ್ಪಿಗೆ ಬರಬೇಕು, ಹರಾಜಾಗಬೇಕು. ಅಲ್ಲಿಯವರೆಗೆ ಅದನ್ನು ಕಾಯಬೇಕು. ಆ ಕೋಣೆಗೆ ಪ್ರಯೋಗಶಾಲೆಯನ್ನು ಇಳಿಸಿ, ಅವಳ ಉಳಿದ ಪಾಠಗಳನ್ನು ಕೆಳಗಿನ ಬಿ.ಎ. ಕೋಣೆಗಳಲ್ಲಿ ನಡೆಸಿ ಎಂದು ನಾನು ಬರೆದುಕೊಟ್ಟೆ, ಮತ್ತೆ ಬರೆದುಕೊಟ್ಟೆ, ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿದೆ. ‘ಡೆಡ್ ಸ್ಟಾಕ್ ಮುಟ್ಟಿದ್ರ ಆಡಿಟ್‌ನಾಗ ನನ್ನ ಕುತ್ತಿಗಿಗೆ ಬರತೈತ್ರಿ ಮೇಡಂ’ ಎಂಬುದೇ ಪ್ರಾಂಶುಪಾಲರ ಉತ್ತರ. ನಿಯಮದಲ್ಲಿ ಎಸೆಯಬಾರದು ಎಂದಿತ್ತೇ ಹೊರತು ಹಿತ್ತಲ ಶೆಡ್ಡಿಗೆ ಸಾಗಿಸಬಾರದು ಎಂದಿರಲಿಲ್ಲ. ಅದನ್ನು ಹೇಳಿದರೆ, ‘ಹುಡುಗರು ಎತ್ತತಾರಲ್ಲ, ನಿಮಗ್ಯಾಕ ಚಿಂತಿ?’ ಎಂದು ಮಾತು ಮುಗಿಸುವರು. ಮೂರು ಕಾಲಿನ ಕುರ್ಚಿಗೆ ನೆಲಮಹಡಿ, ನಸೀಮಾಳಿಗೆ ಮೆಟ್ಟಿಲು.

ಅಷ್ಟರಲ್ಲಿ ವಿಶ್ವವಿದ್ಯಾಲಯದ ತನಿಖಾ ಸಮಿತಿ ಬರುವ ದಿನ ಗೊತ್ತಾಯಿತು. ಕಾಲೇಜಿನ ಮಾನ್ಯತೆ ಮುಂದುವರಿಸಬೇಕೇ ಎಂದು ನೋಡಲು ಬರುವ ಸಮಿತಿ ಅದು. ಅವರು ಬರುವ ದಿನ ಬೆಳಿಗ್ಗೆ ಗೇಟಿನ ಬಳಿ ಬಂದರೆ ಎದುರಿಗೇ ದೊಡ್ಡ ಫ್ಲೆಕ್ಸ್. ಅದರಲ್ಲಿ ನಾಲ್ಕು ಹುಡುಗರ ಹೆಗಲ ಮೇಲೆ ಕುರ್ಚಿ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತ ನಸೀಮಾ. ಕೆಳಗೆ ‘ಸೇವೆಯೇ ನಮ್ಮ ಉಸಿರು’ ಎಂಬ ಅಕ್ಷರಗಳು, ಮೂಲೆಯಲ್ಲಿ ಕೈ ಮುಗಿದ ಪ್ರಾಂಶುಪಾಲರು.

ಅದರ ಮುಂದೆಯೇ ರಾಜಾಸಾಬ್ ಸ್ಕೂಟರ್ ನಿಲ್ಲಿಸಿದ್ದರು. ಮಗಳು ಹಿಂದೆ ಕುಳಿತು ಆ ಚಿತ್ರವನ್ನೇ ನೋಡುತ್ತಿದ್ದಳು.

‘ಹಾಕೂಕಿಂತ ಮೊದಲು ಒಂದ ಮಾತು ಕೇಳಬೇಕಿತ್ರಿ ಮೇಡಂ’ ಎಂದರು ರಾಜಾಸಾಬ್. ‘ಊರಾಗ ನಾನು ನಾಳಿ ತಲಿ ಎತ್ತಿ ಅಡ್ಡಾಡೋದು ಹೆಂಗ್ರಿ?’

‘ನೀವು ಅಂಗಡಿಗಿ ಹೋಗ್ರಿ ಅಬ್ಬಾ’ ಎಂದಳು ನಸೀಮಾ. ‘ಇದನ್ನ ನಾ ನೋಡ್ಕೊಂತೀನಿ.’

ಫ್ಲೆಕ್ಸ್ ಇಳಿಸಿ ಎಂದು ನಾನು ಪ್ರಾಂಶುಪಾಲರ ಕೋಣೆಗೆ ನುಗ್ಗಿದೆ. ಅವರಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. ‘ನಮ್ಮ ಕಾಲೇಜಿನ ಒಳ್ಳೆತನ ನಾಕು ಮಂದಿಗೆ ಗೊತ್ತಾಗ್ಲಿ ಬಿಡ್ರಿ’ ಎಂದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಜಗಳ ಬೆಳೆಯುವಷ್ಟರಲ್ಲಿ ಸಮಿತಿಯ ಕಾರು ಬಂತು.

ಕಾರ್ಯಕ್ರಮದಂತೆ ಸಮಿತಿಯವರು ಮೆಟ್ಟಿಲ ಬಳಿ ಬರುವ ಹೊತ್ತಿಗೆ ಸರಿಯಾಗಿ ಹುಡುಗರು ಕುರ್ಚಿ ತಂದರು. ಅಂದು ನಾಲ್ವರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅದನ್ನೂ ಹೇಳಿಕೊಟ್ಟಿದ್ದರು. ಪ್ರಾಂಶುಪಾಲರು ಫೋನ್ ತೆಗೆದು ವಿಡಿಯೋಗೆ ಸಿದ್ಧರಾದರು.

ನಸೀಮಾ ತನ್ನ ಗಾಲಿಕುರ್ಚಿಯ ಗಾಲಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ‘ಬ್ಯಾಡ. ಇವತ್ತ ನನ್ನ ಎತ್ತಬ್ಯಾಡ್ರಿ.’

‘ಯಾಕವ್ವ? ದಿನಾ ಎತ್ತತಾರಲ್ಲ?’ ಪ್ರಾಂಶುಪಾಲರ ನಗು ಇನ್ನೂ ಮಾಸಿರಲಿಲ್ಲ.

‘ಹೌದ್ರಿ ಸರ್, ದಿನಾ ಎತ್ತತಾರ. ನಾಕು ಮಂದಿ ಹೆಗಲ ಕೊಡೋದು ಜನಾಜಾಕ್ಕರಿ. ನಾ ಇನ್ನೂ ಜೀವಂತ ಅದೀನಿ.’

ಜನಾಜಾ ಎಂದರೆ ಶವಯಾತ್ರೆ ಎಂದು ನಮ್ಮೂರುಗಳಲ್ಲಿ ಯಾವ ಜಾತಿಯವರಿಗೂ ಬಿಡಿಸಿ ಹೇಳಬೇಕಿಲ್ಲ. ಪ್ರಾಂಶುಪಾಲರು ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

ಸಮಿತಿಯ ಅಧ್ಯಕ್ಷರು ವಯಸ್ಸಾದವರು. ‘ಹಾಗಾದರೆ ಏನಾಗಬೇಕಮ್ಮ?’ ಎಂದು ಕೇಳಿದರು.

‘ಲ್ಯಾಬ್ ಕೆಳಗ ಬರಬೇಕ್ರಿ.’

‘ಕೆಳಗ ಕೋಣಿ ಇಲ್ರಿ ಸರ್’ ಎಂದರು ಪ್ರಾಂಶುಪಾಲರು. ನನಗೆ ಅಷ್ಟು ಸಾಕಾಗಿತ್ತು. ‘ಐತ್ರಿ, ಇಲ್ಲೇ ಐತಿ. ಬೀಗ ತೆಗಸ್ರಿ’ ಎಂದು ಆ ಬಾಗಿಲಿಗೆ ಕೈಯಿಂದ ಬಡಿದೆ. ಬೀಗದ ಕೈ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹುಡುಕಿ ತಂದು ತೆಗೆದಾಗ ಧೂಳಿಗೆ ಎಲ್ಲರೂ ಕೆಮ್ಮಿದರು. ಸೂರಿನವರೆಗೆ ಮುರಿದ ಬೆಂಚು. ಅಧ್ಯಕ್ಷರು ಅದನ್ನೂ ನೋಡಿದರು, ಗಾಲಿಕುರ್ಚಿಯನ್ನೂ ನೋಡಿದರು.

ಆಗ ನಾಲ್ವರಲ್ಲಿ ಹಾಲೇಶ ಎಂಬ ಹುಡುಗ ಕೈಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒರಗಿಸಿದ. ‘ಸರ್, ಎತ್ತೋದ ಆದ್ರ ಇವನ್ನ ಎತ್ತತೀವಿ. ಎಲ್ಲಿಡಬೇಕು ಹೇಳ್ರಿ.’

ಅಧ್ಯಕ್ಷರ ಎದುರಿಗೆ ಪ್ರಾಂಶುಪಾಲರು ಆಡಿಟ್ ನೆಪ ತೆಗೆಯದೆ ಹಿತ್ತಲ ಶೆಡ್ಡಿನ ಕಡೆ ಕೈ ತೋರಿಸಿದರು. ಹುಡುಗರು ಬಿಳಿ ಅಂಗಿಯಲ್ಲಿಯೇ ಕೆಲಸಕ್ಕೆ ನಿಂತರು, ಇಡೀ ತರಗತಿ ಕೂಡಿಕೊಂಡಿತು. ಊಟದ ಹೊತ್ತಿಗೆ ಕೋಣೆ ಖಾಲಿ. ಆಕಾಶ ಕಳಚಿ ಬೀಳಲಿಲ್ಲ, ಆಡಿಟರ್ ಓಡಿ ಬರಲಿಲ್ಲ. ಎಲ್ಲರೂ ಖುಷಿಯಿಂದ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಸಿಟ್ಟು ಇನ್ನೂ ಹೆಚ್ಚಾಯಿತು. ಒಂದು ಮುಂಜಾನೆಯ ಕೆಲಸಕ್ಕೆ ಒಂದೂವರೆ ವರ್ಷ ಅವಳನ್ನು ಒಣಗಿಸಿದ್ದೆವು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೇಜು, ನಲ್ಲಿ, ಸಿಲಿಂಡರ್ ಎಲ್ಲ ಜೋಡಿಸಿ, ಸುಣ್ಣ ಹೊಡೆದ ಮೇಲೆ ನೋಡಿದರೆ ಬಾಗಿಲಿಗೆ ಗೇಣೆತ್ತರದ ಕಲ್ಲಿನ ಹೊಸ್ತಿಲು! ಪೂಜೆಗೆಂದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂವನ್ನೂ ಇಟ್ಟಿದ್ದರು. ತೆಗೆಸಿ ಎಂದರೆ ಪ್ರಾಂಶುಪಾಲರು ಗಲ್ಲ ಗಲ್ಲ ಬಡಿದುಕೊಂಡರು. ‘ಹೊಸ್ತಿಲಾ ಅಂದ್ರ ಲಕ್ಷ್ಮೀರಿ ಮೇಡಂ! ಮುಹೂರ್ತ ನೋಡದ ಕೀಳಬಾರದು. ಒಳ್ಳೆ ದಿನ ಕೇಳಿಸಿ ನೋಡೋಣು. ಅಲ್ಲೀತನಕ ಇದೊಂದನ್ನ ಹುಡುಗರು ಎತ್ತಿ ದಾಟಸ್ತಾರ.’

ಮತ್ತೆ ಎತ್ತುವ ಮಾತು! ನಾನು ಅಂದು ಹಿರಿಯರೆಂದೂ ನೋಡಲಿಲ್ಲ. ‘ಆಕಿ ಈ ಕಾಲೇಜಿಗೆ ಹೆಸರು ಹಚ್ಚಿದ ದಿನಾನ ಒಳ್ಳೆ ದಿನ ಆಗಿತ್ರಿ ಸರ್. ಆವತ್ತೇ ತೆಗೀಬೇಕಿತ್ತು. ಈಗ ನೀವು ತೆಗಸ್ತೀರೋ, ನಾನು ತೆಗಸ್ಲೋ?’ ಎಂದೆ. ಅವರು ದೇವರ ಹೆಸರು ಹೇಳುತ್ತ ಹೊರಗೆ ಹೋದರು. ನಾನು ಗೌಂಡಿಯನ್ನು ಕರೆಸಿ, ಹೂವನ್ನು ಭಕ್ತಿಯಿಂದಲೇ ಎತ್ತಿಟ್ಟು, ಕಲ್ಲು ಕೀಳಿಸಿ ನೆಲ ಸಮ ಮಾಡಿಸಿದೆ. ಲಕ್ಷ್ಮಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಉಳಿದ ಪಾಠಗಳೂ ಕೆಳಗಿನ ಕೋಣೆಗಳಿಗೆ ಬಂದವು. ಪರೀಕ್ಷೆಗೆ ಇನ್ನೂ ಸಮಯವಿತ್ತು. ಕೊಟ್ರೇಶ್ ಸರ್ ತಪ್ಪಿಹೋದ ಪ್ರಯೋಗಗಳನ್ನೆಲ್ಲ ಅವಳಿಗೆ ಮತ್ತೆ ಮಾಡಿಸಲು ಒಪ್ಪಿದರು, ಹಾಜರಾತಿಯ ಕೊರತೆ ತುಂಬಿತು.

ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದನ್ನು ಹೇಳಿಬಿಡುತ್ತೇನೆ. ‘ಎಂಥ ಒಳ್ಳೆ ಹುಡುಗರು, ಹೊತ್ತುಕೊಂಡು ಹೋಗುತ್ತಾರೆ’ ಎಂದು ಎಲ್ಲಿಯಾದರೂ ಹೊಗಳಿಕೆ ಕೇಳಿದರೆ, ಅಲ್ಲಿ ಸಂಬಳ ಪಡೆಯುವ ಯಾರೋ ತಮ್ಮ ಕೆಲಸ ಮಾಡಿಲ್ಲವೆಂದೇ ತಿಳಿಯಿರಿ. ಆ ಹುಡುಗರ ಬಗ್ಗೆ ನನಗೆ ಇಂದಿಗೂ ಪ್ರೀತಿಯಿದೆ. ಅವರನ್ನು ಮೆಟ್ಟಿಲಾಗಿಸಿ ಫ್ಲೆಕ್ಸ್ ಹಾಕಿಸಿಕೊಂಡ ನಮ್ಮ ಮೇಲೆ ಇಲ್ಲ.

ಹೊಸ ಪ್ರಯೋಗಶಾಲೆಯ ಮೊದಲ ದಿನ ಪ್ರಾಂಶುಪಾಲರು ಸಿಹಿ ತಂದಿದ್ದರು, ಅಧ್ಯಾಪಕರೆಲ್ಲ ಬಾಗಿಲಲ್ಲಿ ನೆರೆದಿದ್ದೆವು. ನಸೀಮಾ ತಾನೇ ಗಾಲಿ ತಿರುಗಿಸುತ್ತ ನಮ್ಮ ನಡುವೆ ಹಾದು ಒಳಗೆ ಹೋದಳು. ಮೇಜಿನ ಬಳಿ ಗಾಲಿಕುರ್ಚಿ ನಿಲ್ಲಿಸಿ ಬರ್ನರ್ ಹಚ್ಚಿ, ಪರೀಕ್ಷಾ ನಳಿಕೆ ಹಿಡಿದಳು. ಪ್ರಾಂಶುಪಾಲರು ಫೋನ್ ಮೇಲೆತ್ತಿ, ‘ನಸೀಮವ್ವ, ಒಂದ ಸಲ ಈ ಕಡೆ ನೋಡವ್ವ’ ಎಂದರು.

ಅವಳು ತಿರುಗಿ ನೋಡಲಿಲ್ಲ. ‘ಮೇಡಂ, ಬಾಗಲ ಹಾಕ್ರಿ’ ಎಂದಳು. ‘ಗಾಳಿಗಿ ಬರ್ನರ್ ಆರತೈತಿ.’

ಸಿಹಿಯನ್ನೂ ಫೋನನ್ನೂ ಹೊರಗೇ ಬಿಟ್ಟು ನಾನು ಬಾಗಿಲು ಹಾಕಿದೆ.